ಮಳೆಯೇ ತೊಳೆಯುತ್ತದೆ ಅಂದಿದ್ದರು

ತಾರಸಿಗೆ ಸೋಲಾರ್ ಹಾಕಿಸಿಕೊಂಡವರೆಲ್ಲ ಒಂದಲ್ಲ ಒಂದು ಸಲ ಕೇಳಿರುವ ಭರವಸೆ ಇದು: ‘ಮೇಂಟೆನೆನ್ಸ್ ಏನೂ ಇಲ್ಲ ಸಾರ್, ಮಳೆ ಬಂದ್ರೆ ತಾನೇ ತೊಳ್ಕೊಂಡು ಹೋಗತ್ತೆ.’ ಜರ್ಮನಿಯಲ್ಲಾದರೆ ಈ ಮಾತು ಬಹುಮಟ್ಟಿಗೆ ನಿಜ. 1990ರಲ್ಲಿ ಅಲ್ಲಿ ಸಾವಿರ ಚಾವಣಿಗಳ ಯೋಜನೆ ಶುರುವಾದಾಗ ಪ್ಯಾನೆಲ್‌ಗಳು ಏರಿದ್ದು ಕಡಿದಾದ ಹೆಂಚಿನ ಮಾಡುಗಳ ಮೇಲೆ. ವರ್ಷದ ಎಲ್ಲ ತಿಂಗಳೂ ಅಷ್ಟಿಷ್ಟು ಮಳೆ ಬೀಳುವ ನಾಡು ಅದು. ನಮ್ಮಲ್ಲಿ ಸಂಕ್ರಾಂತಿ ಕಳೆದರೆ ಯುಗಾದಿಯ ತನಕ ಹನಿ ಬೀಳುವುದೇ ಅಪರೂಪ. ಬಿಸಿಲು ಜೋರಾಗಿರುವುದೂ ಆಗಲೇ, ಧೂಳು ಏಳುವುದೂ ಆಗಲೇ.

ಧೂಳಿನ ಲೆಕ್ಕ ಎಷ್ಟು ದೊಡ್ಡದೆಂಬುದನ್ನು 2017ರಲ್ಲಿ ಗಾಂಧಿನಗರದ ಐಐಟಿ ಮತ್ತು ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಸಂಶೋಧಕರು ತೋರಿಸಿದರು. ಕೆಲವು ವಾರ ಹಾಗೇ ಬಿಟ್ಟ ಪ್ಯಾನೆಲ್‌ಗಳನ್ನು ತೊಳೆದಾಗ ಅವುಗಳ ದಕ್ಷತೆ ಶೇ 50ರಷ್ಟು ಏರಿತ್ತು. ಒರೆಸಿ ತೆಗೆದ ಕೊಳೆಯಲ್ಲಿ ಶೇ 92 ಮಣ್ಣಿನ ಧೂಳು. ಉಳಿದದ್ದು ಹೊಗೆ, ಮಸಿಯಂಥ ಮನುಷ್ಯರ ಕೊಡುಗೆ. ತೂಕದಲ್ಲಿ ಕಮ್ಮಿಯಿದ್ದರೂ ಬೆಳಕು ತಡೆಯುವುದರಲ್ಲಿ ಅದೇ ಹೆಚ್ಚು ಸಮರ್ಥ.

ತೊಳೆಯಲೇಬೇಕು, ಸರಿ. ನೀರು? ತುಮಕೂರು ಜಿಲ್ಲೆಯ ಪಾವಗಡದಲ್ಲಿ ಐದು ಊರುಗಳ ಸುಮಾರು 13,000 ಎಕರೆಯನ್ನು ರೈತರಿಂದ ಗುತ್ತಿಗೆಗೆ ಪಡೆದು ಕಟ್ಟಿದ ಸೋಲಾರ್ ಪಾರ್ಕ್ 2019ರ ಕೊನೆಗೆ 2,050 ಮೆಗಾವಾಟ್ ಮುಟ್ಟಿತು. 330 ವಾಟ್‌ನ ಪ್ಯಾನೆಲ್ ಎಂದಿಟ್ಟುಕೊಂಡರೆ ಒಟ್ಟು 60 ಲಕ್ಷಕ್ಕೂ ಮೇಲಾಯಿತು. ಒಂದಕ್ಕೆ ಎರಡೇ ಲೀಟರ್ ಅಂದರೂ ಒಂದು ಸುತ್ತು ತೊಳೆಯಲು 1.2 ಕೋಟಿ ಲೀಟರ್, ಅಂದರೆ 5,000 ಲೀಟರಿನ ಟ್ಯಾಂಕರಿನಲ್ಲಿ 2,400 ಲೋಡು. ಕುಡಿಯುವ ನೀರಿಗೇ ಫ್ಲೋರೈಡಿನ ಕಾಟವಿರುವ ಬರದ ತಾಲ್ಲೂಕು ಅದು.

ಉತ್ತರ ಮೊದಲು ಬಂದದ್ದು ಇನ್ನೂ ಒಣ ನೆಲದಿಂದ. ಇಸ್ರೇಲಿನ ಅರವಾ ಮರುಭೂಮಿಯ ಕೆತೂರಾ ಎಂಬ ಕಿಬ್ಬುತ್ಸ್‌ನಲ್ಲಿ (ಎಲ್ಲರೂ ಒಟ್ಟಾಗಿ ದುಡಿದು ಬಾಳುವ ಸಮುದಾಯದ ಹಳ್ಳಿ) 2011ರಲ್ಲಿ ಸೌರಸ್ಥಾವರ ಶುರುವಾಯಿತು. ನೀರು, ಕುಂಚ ಹಿಡಿದು ಅಷ್ಟನ್ನೂ ತೊಳೆದು ಮುಗಿಸಲು ದಿನಗಳೇ ಬೇಕು. ಮರಳುಗಾಳಿ ಬೀಸಿದರೆ ಮತ್ತೆ ಮೊದಲಿನಿಂದ. 2014ರಲ್ಲಿ ಇಕೋಪಿಯಾ ಕಂಪನಿಯ ರೋಬೋಗಳು ಅಲ್ಲಿ ಕೆಲಸ ಹಿಡಿದವು. ಕತ್ತಲಾದ ಮೇಲೆ ಪ್ಯಾನೆಲ್ ಸಾಲಿನ ಮೇಲೆ ಸರಿಯುತ್ತ, ತಿರುಗುವ ಮೈಕ್ರೋಫೈಬರ್ ಬಟ್ಟೆಯಿಂದ ಧೂಳನ್ನು ಮೇಲಿನಿಂದ ಕೆಳಕ್ಕೆ ದೂಡುತ್ತವೆ. ಒಂದು ಹನಿ ನೀರೂ ಬೇಡ. ಜಾಣತನ ಇರುವುದು ಯಂತ್ರದಲ್ಲಿ ಅಷ್ಟಲ್ಲ, ಪ್ರತಿ ರಾತ್ರಿ ಗುಡಿಸುವ ಶಿಸ್ತಿನಲ್ಲಿ. ಇಬ್ಬನಿಯಲ್ಲಿ ನೆನೆದು ಮರುದಿನದ ಬಿಸಿಲಿಗೆ ಗಟ್ಟಿಯಾಗುವ ಮೊದಲೇ ಧೂಳು ಹೋಗಿಬಿಟ್ಟರೆ ಉಜ್ಜುವ ಮಾತೇ ಇಲ್ಲ. ಈಗ ರಾಜಸ್ಥಾನದ ಮರಳುಗಾಡಿನಲ್ಲೂ ಇಂಥ ರೋಬೋಗಳಿವೆ. ಪಾವಗಡದಲ್ಲಿ ಮಾತ್ರ ಒಂದು ತೊಡಕಿದೆ: ಜಮೀನು ಕೊಟ್ಟ ಊರಿನವರಿಗೆ ಪಾರ್ಕಿನಲ್ಲಿ ಸಿಕ್ಕ ಕೂಲಿಯೆಂದರೆ ಕಾವಲು, ಹುಲ್ಲು ಕೊಯ್ಯುವುದು, ಪ್ಯಾನೆಲ್ ತೊಳೆಯುವುದು. ನೀರು ಉಳಿಸುವ ಯಂತ್ರ ಅದರಲ್ಲಿ ಒಂದನ್ನು ಕಿತ್ತುಕೊಳ್ಳುತ್ತದೆ. ಇದಕ್ಕೆ ಯಾವ ಎಂಜಿನಿಯರನ ಬಳಿಯೂ ಉತ್ತರವಿಲ್ಲ.

2022ರಲ್ಲಿ ಅಮೆರಿಕದ ಎಂಐಟಿಯ ಶ್ರೀದತ್ ಪನತ್ ಮತ್ತು ಕೃಪಾ ವಾರಾಣಸಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಧೂಳಿಗೆ ವಿದ್ಯುದಾವೇಶ ಕೊಟ್ಟು ಗಾಜಿನಿಂದ ತಾನಾಗಿ ಹಾರುವಂತೆ ಮಾಡಿ ತೋರಿಸಿದರು. ಕುಂಚವೂ ಮುಟ್ಟುವುದಿಲ್ಲ.

ಮುಟ್ಟದಿರುವುದಕ್ಕೆ ಇಷ್ಟೆಲ್ಲ ಸಾಹಸ ಏಕೆಂದರೆ, ಈಗಿನ ಪ್ಯಾನೆಲ್ಲಿನ ಗಾಜು ಬರೀ ಗಾಜಲ್ಲ. ಬೆಳಕು ಪ್ರತಿಫಲಿಸಿ ಪೋಲಾಗದಿರಲೆಂದು ಅದರ ಮೇಲೆ ನೂರು-ನೂರೈವತ್ತು ನ್ಯಾನೋಮೀಟರಿನ ಸಿಲಿಕಾ ಲೇಪ ಇರುತ್ತದೆ. ಪಾತ್ರೆ ಉಜ್ಜುವ ಸ್ಕ್ರಬ್ಬರ್, ಸೋಪಿನ ಪುಡಿ ಅದನ್ನು ಕೆರೆದು ಹಾಕುತ್ತವೆ. ಒಣ ಧೂಳನ್ನು ಒತ್ತಿ ಒರೆಸಿದರೂ ಗೀರು ಬೀಳುತ್ತದೆ. ಮಧ್ಯಾಹ್ನ ಕಾದ ಗಾಜಿಗೆ ತಣ್ಣೀರು ಎರಚಿದರೆ ಬಿರುಕು ಬಿಡುವ ಅಪಾಯ. ಹತ್ತಿ ನಿಂತರಂತೂ ಒಳಗಿನ ಸಿಲಿಕಾನ್ ಬಿಲ್ಲೆಗಳು ಕಣ್ಣಿಗೆ ಕಾಣದಂತೆ ಸೀಳುತ್ತವೆ. ಕಾರು ತೊಳೆಯುವ ಪ್ರೆಷರ್ ಪಂಪು ಅಂಚಿನ ಸೀಲನ್ನು ಎಬ್ಬಿಸುತ್ತದೆ.

ಮನೆಯವರು ಬಗ್ಗಿ ನೋಡಬೇಕಾದ ಜಾಗ ಪ್ಯಾನೆಲ್ಲಿನ ಕೆಳ ಅಂಚು. ಅಲ್ಯೂಮಿನಿಯಂ ಚೌಕಟ್ಟು ಗಾಜಿಗಿಂತ ಕೂದಲೆಳೆಯಷ್ಟು ಎತ್ತರ ಇರುವುದರಿಂದ ನೀರು ಅಲ್ಲೇ ನಿಂತು ಆರಿ, ಕೆಸರಿನ ಗೆರೆ ಕಟ್ಟುತ್ತದೆ. ಬಿಲ್ಲೆಗಳು ಸರಣಿಯಲ್ಲಿ ಜೋಡಣೆಯಾಗಿರುವುದರಿಂದ ಬೆರಳಗಲದ ಆ ಗೆರೆ ತಾನು ಮುಚ್ಚಿದ ಜಾಗಕ್ಕಿಂತ ಎಷ್ಟೋ ಹೆಚ್ಚು ಕರೆಂಟನ್ನು ನುಂಗುತ್ತದೆ. ಪಾರಿವಾಳದ ಹಿಕ್ಕೆಯದೂ ಇದೇ ಕಥೆ. ಅದರಡಿಯ ಬಿಲ್ಲೆ ಕಾದು ಸುಟ್ಟುಹೋಗಲೂಬಹುದು. ಬೆಳಗಿನ ಬಿಸಿಲು ಏರುವ ಮೊದಲು ಮೆತ್ತನೆಯ ಬಟ್ಟೆಯ ಮಾಪು, ಮಳೆನೀರೋ ಸಿಹಿನೀರೋ ಸಾಕು. ಬೋರ್‌ವೆಲ್ ಗಡಸು ನೀರಾದರೆ ಆರುವ ಮೊದಲೇ ವೈಪರ್ ಎಳೆಯಿರಿ, ಇಲ್ಲವಾದರೆ ಬಿಳಿ ಸುಣ್ಣದ ಕಲೆ ಉಳಿದುಬಿಡುತ್ತದೆ. ಇನ್ವರ್ಟರ್ ಆಫ್ ಮಾಡಿದರೂ ಬೆಳಕಿರುವ ತನಕ ಪ್ಯಾನೆಲ್ಲಿನ ತಂತಿಯಲ್ಲಿ ವೋಲ್ಟೇಜ್ ಇದ್ದೇ ಇರುತ್ತದೆ. ಗಾಜು ಒಡೆದಿದ್ದರೆ, ತಂತಿ ಇಲಿ ಕಡಿದಿದ್ದರೆ ನೀರು ಹಾಕಬೇಡಿ, ಎಲೆಕ್ಟ್ರಿಷಿಯನ್‌ನನ್ನು ಕರೆಸಿ. ಇಳಿಜಾರು ಮಾಡಿನ ಮೇಲಿದ್ದರೆ ಹತ್ತುವ ಸಾಹಸವೇ ಬೇಡ, ಕೆಳಗಿನಿಂದಲೇ ಪೈಪು ಹಿಡಿಯಿರಿ.

ಎಷ್ಟು ದಿನಕ್ಕೊಮ್ಮೆ ಎಂದು ಕ್ಯಾಲೆಂಡರ್ ನೋಡಬೇಡಿ. ಇನ್ವರ್ಟರಿನ ಪರದೆಯಲ್ಲಿ ದಿನದ ಯೂನಿಟ್ ಬರುತ್ತದೆ. ಮೋಡವಿಲ್ಲದ ದಿನವೂ ಅದು ಇಳಿಯುತ್ತಲೇ ಇದ್ದರೆ ಬಕೆಟ್ ಎತ್ತಿಕೊಳ್ಳಿ, ಇಲ್ಲದಿದ್ದರೆ ಸುಮ್ಮನಿರಿ.