ಸರಾಸರಿಯ ಮರೆಯಲ್ಲಿ ನಾಲ್ಕು ತಾಲ್ಲೂಕು

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ದಿನ ಪತ್ರಿಕೆಗಳಲ್ಲಿ ಅಚ್ಚಾಗುವ ಜಿಲ್ಲಾವಾರು ಪಟ್ಟಿಯಲ್ಲಿ ‘ಮಧುಗಿರಿ’ ಎಂಬ ಹೆಸರು ಇರುತ್ತದೆ. ಕಂದಾಯ ನಕ್ಷೆಯಲ್ಲಿ ಅಂಥ ಜಿಲ್ಲೆ ಇಲ್ಲ. ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳನ್ನು ಸೇರಿಸಿ ಶಿಕ್ಷಣ ಇಲಾಖೆ ಒಂದು ಪ್ರತ್ಯೇಕ ಶೈಕ್ಷಣಿಕ ಜಿಲ್ಲೆ ಮಾಡಿಕೊಂಡಿದೆ. ಮಕ್ಕಳ ಅಂಕಗಳ ಮಟ್ಟಿಗೆ ಈ ಸೀಮೆಗೆ ತನ್ನದೇ ಸಾಲು ಉಂಟು. ಬಡತನ, ಪೌಷ್ಟಿಕತೆ, ಉದ್ಯೋಗ, ತಲಾ ಆದಾಯ ಎಂದು ರಾಷ್ಟ್ರೀಯ ಅಂಕಿಅಂಶಗಳ ಕಡೆ ತಿರುಗಿದರೆ ಆ ಸಾಲು ಮಾಯ. ಅಲ್ಲಿ ಕಾಣುವುದು ‘ತುಮಕೂರು’ ಮಾತ್ರ.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಜಿಲ್ಲೆಗಿಂತ ಕೆಳಗೆ ಇಳಿಯುವುದಿಲ್ಲ. ನೀತಿ ಆಯೋಗದ ಬಹು ಆಯಾಮದ ಬಡತನ ಸೂಚ್ಯಂಕವೂ ಜಿಲ್ಲೆಗೇ ನಿಲ್ಲುತ್ತದೆ. ಉದ್ಯೋಗದ ಸಮೀಕ್ಷೆಯಂತೂ ಜಿಲ್ಲೆಯನ್ನು ಮೂಲ ಘಟಕವಾಗಿ ಹಿಡಿದದ್ದೇ 2025ರ ಜನವರಿಯಿಂದ. ಇದರಲ್ಲೇನು ತೊಂದರೆ ಎಂದು ಕೇಳುವವರು ತುಮಕೂರಿನ ಉದ್ದಗಲ ನೋಡಬೇಕು. ರಾಜ್ಯದ ಹತ್ತು ಕೃಷಿ ಹವಾಮಾನ ವಲಯಗಳಲ್ಲಿ ಮೂರು ಈ ಒಂದೇ ಜಿಲ್ಲೆಯೊಳಗಿವೆ. ಕುಣಿಗಲ್, ತುರುವೇಕೆರೆ ದಕ್ಷಿಣ ಒಣ ವಲಯಕ್ಕೆ ಸೇರಿದರೆ, ತುಮಕೂರು, ಗುಬ್ಬಿ ಪೂರ್ವ ಒಣ ವಲಯಕ್ಕೆ. ನಮ್ಮ ನಾಲ್ಕು ತಾಲ್ಲೂಕುಗಳು ಚಿತ್ರದುರ್ಗದ ಜೊತೆ ಮಧ್ಯ ಒಣ ವಲಯದಲ್ಲಿವೆ. ಹೇಮಾವತಿ ನಾಲೆಯ ನೀರು ಕಂಡ ತೆಂಗಿನ ತೋಟವನ್ನೂ ಪಾವಗಡದ ಶೇಂಗಾ ಹೊಲವನ್ನೂ ಕೂಡಿಸಿ ಭಾಗಿಸಿದರೆ ಬರುವ ಸರಾಸರಿ ಎರಡೂ ಕಡೆಯವರ ಬದುಕಲ್ಲ.

ಈ ಮರೆಯನ್ನು ಸರಿಸಿ ನೋಡುವ ದೊಡ್ಡ ಪ್ರಯತ್ನ ಒಮ್ಮೆ ನಡೆಯಿತು. ಅರ್ಥಶಾಸ್ತ್ರಜ್ಞ ಡಿ.ಎಂ. ನಂಜುಂಡಪ್ಪ ಅವರ ನೇತೃತ್ವದ ಉನ್ನತಾಧಿಕಾರ ಸಮಿತಿ 2002ರಲ್ಲಿ ವರದಿ ಕೊಟ್ಟಾಗ ಜಿಲ್ಲೆಯನ್ನು ಬಿಟ್ಟು ತಾಲ್ಲೂಕನ್ನು ಹಿಡಿಯಿತು. ಕೃಷಿ, ಕೈಗಾರಿಕೆ, ಸಾಲ ಸೌಲಭ್ಯ, ರಸ್ತೆ, ಶಾಲೆ, ಆಸ್ಪತ್ರೆ, ಜನಸಂಖ್ಯೆಯ ಸ್ವರೂಪ ಇಂಥ 35 ಸೂಚಕಗಳನ್ನು ಬೆಸೆದು ಪ್ರತಿ ತಾಲ್ಲೂಕಿಗೂ ಒಂದು ಸೂಚ್ಯಂಕ ಕೊಟ್ಟಿತು. ರಾಜ್ಯದ ಸರಾಸರಿಯನ್ನು 1 ಎಂದಿಟ್ಟುಕೊಂಡರೆ ಆಗಿನ 175 ತಾಲ್ಲೂಕುಗಳಲ್ಲಿ 114 ಅದಕ್ಕಿಂತ ಕೆಳಗಿದ್ದವು. ಅವುಗಳಲ್ಲಿ 39 ‘ಅತ್ಯಂತ ಹಿಂದುಳಿದ’ವು. ಹಿಂದುಳಿದಿರುವಿಕೆ ಎಂದರೆ ಹೈದರಾಬಾದ್ ಕರ್ನಾಟಕ ಎಂದಷ್ಟೇ ತಿಳಿದಿದ್ದವರಿಗೆ ಒಂದು ಅಚ್ಚರಿ ಅಲ್ಲಿತ್ತು. ಆ 39ರಲ್ಲಿ 13 ದಕ್ಷಿಣ ಕರ್ನಾಟಕದವು. ಅವುಗಳಲ್ಲಿ ಮಧುಗಿರಿ, ಶಿರಾ, ಪಾವಗಡ ಮೂರೂ ಇದ್ದವು. ಬೆಂಗಳೂರಿನಿಂದ ಎರಡು ಮೂರು ಗಂಟೆ ಹಾದಿಯ ಊರುಗಳು! ಎಂಟು ವರ್ಷಗಳಲ್ಲಿ 31,000 ಕೋಟಿ ರೂಪಾಯಿಯ ವಿಶೇಷ ಅಭಿವೃದ್ಧಿ ಯೋಜನೆಗೆ ಶಿಫಾರಸು ಬಂದದ್ದು ಈ ಪಟ್ಟಿಯ ಬಲದ ಮೇಲೆ. ಎರಡು ದಶಕ ಕಳೆದ ಮೇಲೆ, ಅದೇ ಪ್ರಶ್ನೆಯನ್ನು ಹೊಸದಾಗಿ ನೋಡಲು ಸರ್ಕಾರ ಎಂ. ಗೋವಿಂದ ರಾವ್ ಅವರ ಅಧ್ಯಕ್ಷತೆಯಲ್ಲಿ ಇನ್ನೊಂದು ಸಮಿತಿ ರಚಿಸಿತು.

ಜನಗಣತಿ ಹಳ್ಳಿಯವರೆಗೂ ಹೋಗುತ್ತದೆ, ನಿಜ. ಆದರೆ ಹತ್ತು ವರ್ಷಕ್ಕೊಮ್ಮೆ ಮಾತ್ರ. ಈ ಸಲ ಅದೂ ತಪ್ಪಿತು. ಕೈಯಲ್ಲಿರುವುದು 2011ರ ಎಣಿಕೆ. ಅದರಲ್ಲೊಂದು ಸೂಚನೆ ಇದೆ. 2001ರಿಂದ 2011ರ ನಡುವೆ ರಾಜ್ಯದ ಜನಸಂಖ್ಯೆ ಶೇ 15.6ರಷ್ಟು ಏರಿದರೆ, ಬೆಂಗಳೂರು ನಗರ ಜಿಲ್ಲೆಯದು ಶೇ 47ರಷ್ಟು ಏರಿತು. ತುಮಕೂರು ಜಿಲ್ಲೆ 25.85 ಲಕ್ಷದಿಂದ 26.79 ಲಕ್ಷಕ್ಕೆ ಹೋಯಿತು. ಶೇ 4 ಕೂಡ ಇಲ್ಲ. ಹೆರಿಗೆ ಕಡಿಮೆಯಾದದ್ದೊಂದೇ ಇದಕ್ಕೆ ಸಾಲುವ ಕಾರಣವಲ್ಲ. ಮಳೆ ಕೈಕೊಟ್ಟ ವರ್ಷ ಗಾರೆ ಕೆಲಸಕ್ಕೂ ಗಾರ್ಮೆಂಟ್ಸಿಗೂ ಬಸ್ಸು ಹತ್ತಿದವರು ಬೆಂಗಳೂರಿನ ಲೆಕ್ಕದೊಳಗೆ ಸೇರಿಹೋಗಿದ್ದಾರೆ. ಮುಂದಿನ ಗಣತಿಗೆ 2027ರ ಮಾರ್ಚ್ 1 ಗೊತ್ತಾಗಿದೆ.

ಹಳೆಯ ಅಂಕಿ ಎಷ್ಟು ದುಬಾರಿ ಎಂಬುದನ್ನು 2023ರ ಬರ ತೋರಿಸಿತು. ಬರ ಘೋಷಣೆಗೆ ಕೇಂದ್ರದ 2016ರ ಕೈಪಿಡಿಯೇ ಆಧಾರ. ಮಳೆ ಎಷ್ಟು ಕೊರತೆ, ಮೂರು ನಾಲ್ಕು ವಾರ ಸತತವಾಗಿ ಒಣಗಿತೇ ಎಂಬುದು ಮೊದಲ ಜರಡಿ. ಆಮೇಲೆ ಬಿತ್ತನೆ ಪ್ರದೇಶ, ಉಪಗ್ರಹ ಕಂಡ ಹಸಿರು, ಮಣ್ಣಿನ ತೇವ, ಜಲಾಶಯ ಮತ್ತು ಅಂತರ್ಜಲ. ಕೊನೆಗೆ ಶೇ 10ರಷ್ಟು ಹಳ್ಳಿಗಳ ಹೊಲಕ್ಕೇ ಹೋಗಿ ನೋಡುವುದು. ಈ ಜರಡಿಗಳನ್ನು ದಾಟಿ ಆ ವರ್ಷ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎನಿಸಿಕೊಂಡವು. ರಾಜ್ಯ ಕೇಳಿದ್ದು 18,171 ಕೋಟಿ ರೂಪಾಯಿ. ಹಣ ಬಾರದೆ 2024ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಮೆಟ್ಟಿಲೇರಿದ ಮೇಲೆ, ಏಪ್ರಿಲ್‌ನಲ್ಲಿ ಸುಮಾರು 3,454 ಕೋಟಿ ಬಿಡುಗಡೆಯಾಯಿತು. ರಾಜಕೀಯ ಜಗಳದ ಅಡಿಯಲ್ಲಿ ಅಂಕಿಅಂಶದ ಇನ್ನೊಂದು ಜಗಳವೂ ಇತ್ತು. ಸಣ್ಣ ಮತ್ತು ಅತಿಸಣ್ಣ ರೈತರು ಎಷ್ಟು ಎಂಬುದಕ್ಕೆ ಕೇಂದ್ರ ಹಿಡಿದದ್ದು 2015-16ರ ಕೃಷಿ ಗಣತಿ. ಅಣ್ಣತಮ್ಮಂದಿರು ಭಾಗ ಮಾಡಿಕೊಂಡು ಹಿಡುವಳಿಗಳು ಚೂರಾಗಿವೆ, ಪಹಣಿಗೆ ಜೋಡಿಸಿದ ರೈತ ನೋಂದಣಿ ‘ಫ್ರೂಟ್ಸ್’ನ ದತ್ತಾಂಶವನ್ನು ಒಪ್ಪಿಕೊಳ್ಳಿ ಎಂಬುದು ರಾಜ್ಯದ ವಾದ. ಯಾವ ಪಟ್ಟಿ ನಂಬುತ್ತೀರಿ ಎಂಬುದರ ಮೇಲೆ ಪರಿಹಾರದ ಮೊತ್ತವೇ ಬದಲಾಗುತ್ತದೆ.

ಇನ್ನು ಬೆಳೆ ವಿಮೆ. ಇಲ್ಲಿ ಲೆಕ್ಕ ಗ್ರಾಮ ಪಂಚಾಯಿತಿಗೇ ಇಳಿದಿದೆ, ಒಳ್ಳೆಯದು. ಮುಖ್ಯ ಬೆಳೆಗೆ ಪಂಚಾಯಿತಿಗೆ ಕನಿಷ್ಠ ನಾಲ್ಕು ಬೆಳೆ ಕಟಾವು ಪ್ರಯೋಗ. ಆಯ್ದ ಹೊಲದಲ್ಲಿ ಅಳತೆ ಹಾಕಿ, ಅಷ್ಟನ್ನೇ ಕೊಯ್ದು ತೂಗುತ್ತಾರೆ. ಆ ಸರಾಸರಿಯನ್ನು ‘ಪ್ರಾರಂಭಿಕ ಇಳುವರಿ’ಯ ಪಕ್ಕ ಇಡುತ್ತಾರೆ. ಕಡಿಮೆ ಬಿದ್ದಷ್ಟಕ್ಕೆ ಪರಿಹಾರ. ಹಾಗಾದರೆ ಪ್ರಾರಂಭಿಕ ಇಳುವರಿ ಎಲ್ಲಿಂದ ಬರುತ್ತದೆ? ಹಿಂದಿನ ಏಳು ವರ್ಷಗಳಲ್ಲಿ ಚೆನ್ನಾಗಿ ಬೆಳೆದ ಐದರ ಸರಾಸರಿ ತೆಗೆದು, ಅದಕ್ಕೆ ಶೇ 70, 80 ಅಥವಾ 90ರ ಖಾತರಿ ಮಟ್ಟ ಅನ್ವಯಿಸುತ್ತಾರೆ. ಎರಡು ಕೆಟ್ಟ ವರ್ಷಗಳನ್ನು ಕೈಬಿಟ್ಟಿದ್ದಾರಲ್ಲ, ರೈತನಿಗೆ ಅನುಕೂಲವೇ ಎನ್ನಿಸಬಹುದು. ಏಳರಲ್ಲಿ ನಾಲ್ಕು ಕೆಟ್ಟ ವರ್ಷ ಕಾಣುವ ಸೀಮೆಯಲ್ಲಿ ಇನ್ನೂ ಎರಡು ಒಳಗೇ ಉಳಿದವಲ್ಲ!

ಒಂದು ಊಹೆಯ ಲೆಕ್ಕ ಹಾಕಿ. ಒಂದು ಪಂಚಾಯಿತಿಯಲ್ಲಿ ಎಕರೆಗೆ ಏಳು ವರ್ಷ ಬಂದ ಶೇಂಗಾ ಕ್ವಿಂಟಲ್‌ಗಳಲ್ಲಿ 6, 1, 2, 5, 1, 3, 4. ಉತ್ತಮ ಐದರ ಸರಾಸರಿ 4. ಶೇ 80ಕ್ಕೆ 3.2. ಈ ವರ್ಷ ಮೂರೂಕಾಲು ಕ್ವಿಂಟಲ್ ಬಂದರೆ ಅಲ್ಲಿ ಒಂದು ಪೈಸೆಯೂ ಇಲ್ಲ. ಸರಾಸರಿ 8 ಇರುವ ಇನ್ನೊಂದು ಕಡೆ ಅಷ್ಟೇ ಬೆಳೆ ಬಂದರೆ ವಿಮೆ ಮೊತ್ತದ ಹತ್ತಿರ ಹತ್ತಿರ ಅರ್ಧ ಸಿಗುತ್ತದೆ. ಪದೇ ಪದೇ ಬರ ಬಿದ್ದ ಊರಿನಲ್ಲಿ ಕಡಿಮೆ ಇಳುವರಿಯೇ ‘ಮಾಮೂಲು’ ಎಂದು ದಾಖಲಾಗುತ್ತದೆ. ವಿಮೆಯ ಗಣಿತದಲ್ಲಿ ಇದು ತಪ್ಪಲ್ಲ. ಬರಸೀಮೆಯ ನೀತಿಯಾಗಿ ಮಾತ್ರ ಇದು ಸೋತಿದೆ.

ಅಂತರ್ಜಲದ ವಿಷಯದಲ್ಲಿ ಅಂಕಿ ತಾಲ್ಲೂಕಿನ ಮಟ್ಟದಲ್ಲೇ ಸಿಗುತ್ತದೆ. ವರ್ಷಕ್ಕೆ ಇಂಗುವ ನೀರಿನಲ್ಲಿ ತೆಗೆಯಬಹುದಾದಷ್ಟರ ಶೇ 100ನ್ನು ಮೀರಿ ಎತ್ತಿದರೆ ‘ಅತಿಬಳಕೆ’ ಎನ್ನುತ್ತಾರೆ. ಮಧುಗಿರಿ, ಕೊರಟಗೆರೆ, ಶಿರಾ ಆ ಪಟ್ಟಿಗೆ ಹಳಬರು. ಪಾವಗಡದ ಗೋಳು ಬೇರೆ, ಅಲ್ಲಿ ಸಿಕ್ಕ ನೀರಲ್ಲೂ ಫ್ಲೋರೈಡ್. ಕುಡಿಯುವ ನೀರಿನಲ್ಲಿ ಅದರ ಗರಿಷ್ಠ ಮಿತಿ ಲೀಟರಿಗೆ 1.5 ಮಿಲಿಗ್ರಾಂ.

ಅದೇ ಪಾವಗಡದ ನಾಗಲಮಡಿಕೆ ಹೋಬಳಿಯಲ್ಲಿ ಸುಮಾರು 13,000 ಎಕರೆಯ ಸೌರ ಪಾರ್ಕ್ ಇದೆ. ತಿರುಮಣಿ, ವಳ್ಳೂರು ಸೇರಿ ಐದು ಗ್ರಾಮಗಳ ಜಮೀನು, 2,050 ಮೆಗಾವಾಟ್ ಸಾಮರ್ಥ್ಯ. 2018ರ ಮಾರ್ಚ್‌ನಲ್ಲಿ ಉದ್ಘಾಟನೆಯಾಯಿತು. ಭೂಮಿ ಕೊಂಡುಕೊಳ್ಳಲಿಲ್ಲ, ಮೊದಲಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿ ಗುತ್ತಿಗೆ, ಎರಡು ವರ್ಷಕ್ಕೊಮ್ಮೆ ಶೇ 5 ಏರಿಕೆ. ಮಳೆ ನಂಬಿದ ಹೊಲದ ಒಡೆಯನಿಗೆ ಇದು ಬೆಳೆಗಿಂತ ನಿಶ್ಚಿತ ವರಮಾನ. ಜಿಲ್ಲೆಯ ಒಟ್ಟು ಉತ್ಪನ್ನದ ಲೆಕ್ಕಕ್ಕೆ ವಿದ್ಯುತ್ತೂ ಒಂದು ಬಾಬು. ಆದರೆ ಆ ಹೊಲಗಳಲ್ಲಿ ಕಳೆ ಕೀಳುತ್ತಿದ್ದ, ಕಾಯಿ ಬಿಡಿಸುತ್ತಿದ್ದ ಭೂಮಿಯಿಲ್ಲದ ಹೆಣ್ಣುಮಕ್ಕಳಿಗೆ ಗುತ್ತಿಗೆ ಹಣ ಇಲ್ಲ, ಕುರಿ ಮೇಯಿಸುವವರಿಗೆ ಬೀಳು ಇಲ್ಲ. ತಲಾ ಆದಾಯ ಏರಿದೆ ಎನ್ನುವ ಪಟ್ಟಿಯಲ್ಲಿ ಅವರೂ ಒಂದು ತಲೆ.

ಕೊರಟಗೆರೆ ತಾಲ್ಲೂಕಿನ ಡಿ. ನಾಗೇನಹಳ್ಳಿಯಲ್ಲಿ ಈ ಸರಾಸರಿ ಲೆಕ್ಕಕ್ಕೆ ಎದುರು ದಿಕ್ಕಿನ ಕೆಲಸ ನಡೆದಿದೆ. ಹವಾಮಾನ ಬದಲಾವಣೆಗೆ ಒಗ್ಗುವ ಕೃಷಿಯ ರಾಷ್ಟ್ರೀಯ ಯೋಜನೆಯಡಿ ಹಿರೇಹಳ್ಳಿ ಕೃಷಿ ವಿಜ್ಞಾನ ಕೇಂದ್ರ ಈ ಊರನ್ನೇ ಆರಿಸಿಕೊಂಡು ಕೃಷಿ ಹೊಂಡ, ಬದು, ಬರ ತಡೆಯುವ ರಾಗಿ ತಳಿಗಳನ್ನು ತಂದಿತು. ಇಲ್ಲಿ ಜಿಲ್ಲೆಯ ಸರಾಸರಿ ಹಿಡಿದು ಕೂರಲಿಲ್ಲ, ಊರಿನ ಮಳೆ, ಮಣ್ಣು ನೋಡಿ ಕೆಲಸ ಹಿಡಿದರು.

ದೊಡ್ಡ ಸಮಿತಿಗಳ ಲೆಕ್ಕವೂ ಕೊನೆಗೆ ನಿಲ್ಲುವುದು ಹೊಲದಲ್ಲಿ ಬರೆದುಕೊಂಡ ಅಂಕಿಯ ಮೇಲೆ. ನಿಮ್ಮ ಸರ್ವೆ ನಂಬರಿನಲ್ಲಿ ಶೇಂಗಾ ಇದ್ದು ದಾಖಲೆಯಲ್ಲಿ ‘ಬೀಳು’ ಎಂದಿದ್ದರೆ ಬರ ಪರಿಹಾರಕ್ಕೂ ತೊಡಕು, ವಿಮೆಗೂ ತೊಡಕು. ಬೆಳೆ ಸಮೀಕ್ಷೆಯ ಆ್ಯಪ್‌ನಲ್ಲಿ ರೈತರೇ ಫೋಟೊ ಹಾಕಬಹುದು. ‘ಬೆಳೆ ದರ್ಶಕ’ದಲ್ಲಿ ನಮೂದು ನೋಡಿ ಆಕ್ಷೇಪಣೆ ಸಲ್ಲಿಸಬಹುದು. ಅವಧಿ ಮುಗಿಯುವ ಮುಂಚೆ ಒಮ್ಮೆ ನೋಡಿಬಿಡಿ. ನಿಮ್ಮ ಪಂಚಾಯಿತಿಯಲ್ಲಿ ಕಟಾವು ಪ್ರಯೋಗ ಯಾವ ದಿನ, ಯಾರ ಹೊಲದಲ್ಲಿ ಎಂದು ಗ್ರಾಮ ಆಡಳಿತಾಧಿಕಾರಿಯನ್ನು ಕೇಳಿ, ತೂಕ ಹಾಕುವ ಹೊತ್ತಿಗೆ ಅಲ್ಲಿರಿ.