ಲಾರಿ ಇಂಜಿನ್ನಿಗೆ ಆಯುಸ್ಸು ಎಷ್ಟು?

ನಮ್ಮಲ್ಲಿ ಅನೇಕರ ಮನೆಗೆ ಊರಿನಿಂದ ಒಮ್ಮೆಯಾದರೂ ಬಂದಿರುವ ಪ್ರಶ್ನೆ ಇದು: "ಒಂದು ಹಳೇ ಲಾರಿ ನೋಡಿದ್ದೇವೆ, ಐದು ಲಕ್ಷ ಕಿಲೋಮೀಟರು ಓಡಿದೆಯಂತೆ. ತೆಗೆದುಕೊಳ್ಳಬಹುದೇ? ನೀವು ಇಂಜಿನಿಯರು, ಹೇಳಿ ಭಾವ." ಕೇಳಿಸಿಕೊಂಡ ಭಾವನವರು ಸಾಂಟಾ ಕ್ಲಾರಾದಲ್ಲಿ ಚಿಪ್ಪುಗಳ ವಿನ್ಯಾಸ ಮಾಡುವವರು. ಆದರೆ ಊರಿನವರ ಲೆಕ್ಕದಲ್ಲಿ ಇಂಜಿನಿಯರು ಎಂದರೆ ಇಂಜಿನ್ ಬಲ್ಲವನೇ! ನಗುವ ಮಾತಲ್ಲ. ಆ ಲಾರಿಯ ಹಿಂದೆ ಬ್ಯಾಂಕಿನ ಸಾಲ, ಅಡವಿಟ್ಟ ಒಡವೆ, ಒಂದು ಸಂಸಾರದ ಊಟ ಇರುತ್ತದೆ. ಆದ್ದರಿಂದ ಈ ಪ್ರಶ್ನೆಗೆ ಕೊಂಚ ವಿವರವಾಗಿಯೇ ಉತ್ತರ ಹುಡುಕೋಣ.

ಮೊದಲು ಡೀಸೆಲ್ ಇಂಜಿನ್ನಿನ ಸ್ವಭಾವ. ಪೆಟ್ರೋಲ್ ಇಂಜಿನ್ನಿನಲ್ಲಿ ಕಿಡಿ ಹೊತ್ತಿಸಬೇಕು. ಡೀಸೆಲ್ಲಿನಲ್ಲಿ ಗಾಳಿಯನ್ನು ಹದಿನೈದು ಇಪ್ಪತ್ತು ಪಟ್ಟು ಅದುಮಿದಾಗ ಹುಟ್ಟುವ ಕಾವಿಗೇ ಎಣ್ಣೆ ಹೊತ್ತಿಕೊಳ್ಳುತ್ತದೆ. ಈ ಒತ್ತಡ ತಡೆಯಬೇಕಾದ್ದರಿಂದ ಬ್ಲಾಕು, ಕ್ರ್ಯಾಂಕು, ಬೇರಿಂಗು ಎಲ್ಲವೂ ದಪ್ಪ, ಗಟ್ಟಿ. ಅಮೆರಿಕದ ದೊಡ್ಡ ಲಾರಿಯ 13ರಿಂದ 15 ಲೀಟರಿನ ಇಂಜಿನ್ನು ಹೆದ್ದಾರಿಯಲ್ಲಿ ನಿಮಿಷಕ್ಕೆ ಸಾವಿರದ ಇನ್ನೂರರಿಂದ ಸಾವಿರದ ಐನೂರು ಸುತ್ತು ತಿರುಗುತ್ತದೆ. ನಮ್ಮ ಕಾರಿನದು ಅದಕ್ಕಿಂತ ಬಹಳ ಹೆಚ್ಚು. ನಿಧಾನವಾಗಿ ತಿರುಗುವ ಯಂತ್ರ ನಿಧಾನವಾಗಿಯೇ ಸವೆಯುತ್ತದೆ. ಇನ್ನೊಂದು ಗುಟ್ಟು ಲೈನರು. ಪಿಸ್ಟನ್ ಓಡಾಡುವ ಗೋಡೆಯೇ ಬಿಚ್ಚಿ ಬದಲಾಯಿಸುವಂಥ ಕೊಳವೆ. ಸವೆದರೆ ಲೈನರು, ಪಿಸ್ಟನ್, ರಿಂಗು, ಬೇರಿಂಗು ಹೊಸದು ಹಾಕಿ ಇನ್ನೊಂದು ಜನ್ಮ ಕೊಡಬಹುದು. ನಮ್ಮ ಗ್ಯಾರೇಜುಗಳಲ್ಲಿ "ಹಾಫ್ ಇಂಜಿನ್", "ಫುಲ್ ಇಂಜಿನ್" ಕೆಲಸ ಎನ್ನುವುದು ಇದನ್ನೇ.

ಹಾಗಾದರೆ ಎಷ್ಟು ಓಡುತ್ತದೆ? ಇಲ್ಲಿನ ತಯಾರಕರು ಒಂದು ಅಳತೆ ಇಟ್ಟುಕೊಂಡಿದ್ದಾರೆ: ನೂರು ಇಂಜಿನ್ನುಗಳಲ್ಲಿ ಐವತ್ತಕ್ಕೆ ದೊಡ್ಡ ರಿಪೇರಿ ಬರುವ ಹೊತ್ತಿಗೆ ಎಷ್ಟು ಮೈಲಿ ಆಗಿರುತ್ತದೆ ಎಂದು. ಇದಕ್ಕೆ ಬಿ-50 ಎಂದು ಹೆಸರು. ದೂರದ ಹೆದ್ದಾರಿ ಲಾರಿಗಳಿಗೆ ಅದು ಹತ್ತು ಲಕ್ಷ ಮೈಲಿ, ಅಂದರೆ ಹದಿನಾರು ಲಕ್ಷ ಕಿಲೋಮೀಟರು ಎಂದು ಹೇಳಿಕೊಳ್ಳುವವರಿದ್ದಾರೆ. ಒಂದು ಮಾತು ಮರೆಯಬಾರದು: ಉಳಿದ ಐವತ್ತು ಅದಕ್ಕಿಂತ ಮುಂದೆ ಹೋಗುತ್ತವೆ, ಮೊದಲಿನ ಐವತ್ತು ಅದಕ್ಕೂ ಮುಂಚೆಯೇ ಮಲಗುತ್ತವೆ. ನಾವು ಕೊಳ್ಳುವ ಲಾರಿ ಯಾವ ಗುಂಪಿನದೋ ಅದೇ ಪ್ರಶ್ನೆ.

ಕಿಲೋಮೀಟರನ್ನು ಮಾತ್ರ ನಂಬಿ ಕೂರುವುದೂ ಸರಿಯಲ್ಲ. ಇಂಜಿನ್ನಿಗೆ ಗೊತ್ತಿರುವುದು ರಸ್ತೆಯಲ್ಲ, ಗಂಟೆ. ಸರಾಸರಿ 50 ಮೈಲಿ ವೇಗದಲ್ಲಿ ಹತ್ತು ಲಕ್ಷ ಮೈಲಿಗೆ ಇಪ್ಪತ್ತು ಸಾವಿರ ಗಂಟೆ. ಅದೇ ಇಂಜಿನ್ನು ಊರೊಳಗೆ ಸರಾಸರಿ 15 ಮೈಲಿಯಲ್ಲಿ ತೆವಳಿದರೆ, ಇಪ್ಪತ್ತು ಸಾವಿರ ಗಂಟೆ ಮುಗಿದಾಗ ಮೀಟರಿನಲ್ಲಿ ಮೂರೇ ಲಕ್ಷ ಮೈಲಿ! ಸಾಕ್ರಮೆಂಟೋ ದಾಟಿ ನೆವಾಡಕ್ಕೆ ಹೋಗುವ ಲಾರಿಯೂ, ಓಕ್‌ಲ್ಯಾಂಡ್ ಬಂದರಿನ ಸಾಲಿನಲ್ಲಿ ನಿಂತು 880ರಲ್ಲಿ ಉಸಿರು ಬಿಡುವ ಲಾರಿಯೂ ಒಂದೇ ವಯಸ್ಸಿನವು ಎನ್ನಲು ಬರುವುದಿಲ್ಲ.

ಇನ್ನು ಶತ್ರುಗಳ ವಿಚಾರ. ಮೊದಲನೆಯದು ಧೂಳು. ಗಾಳಿಯ ಫಿಲ್ಟರಿನ ಪಕ್ಕದ ರಬ್ಬರು ಕೊಳವೆಯಲ್ಲಿ ಸಣ್ಣ ಬಿರುಕಿದ್ದರೂ ಸಾಕು, ಮಣ್ಣಿನ ಕಣ ಒಳಗೆ ಹೋಗಿ ಮರಳು ಕಾಗದದಂತೆ ಲೈನರನ್ನು ಉಜ್ಜಿಬಿಡುತ್ತದೆ. 2011ರಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆಗೆ ತಡೆ ಹಾಕುವವರೆಗೆ ಸಂಡೂರು, ಹೊಸಪೇಟೆ ಕಡೆ ಅದಿರು ಹೊತ್ತ ಲಾರಿಗಳ ಸಾಲನ್ನು ನೋಡಿದವರಿಗೆ ಆ ಕೆಂಪು ಧೂಳನ್ನು ವರ್ಣಿಸಬೇಕಾಗಿಲ್ಲ. ಅಂಥ ದಾರಿಯಲ್ಲಿ ದುಡಿದ ಲಾರಿಗೆ ಐದು ಲಕ್ಷ ಕಿಲೋಮೀಟರು ಬಹಳವೇ ಹೆಚ್ಚು.

ಎರಡನೆಯದು ಕೆಟ್ಟ ಆಯಿಲ್. ಡೀಸೆಲ್ ಉರಿದಾಗ ಮಸಿ ಹುಟ್ಟುತ್ತದೆ, ಗಂಧಕವಿದ್ದರೆ ಆಮ್ಲವೂ ಹುಟ್ಟುತ್ತದೆ. ಎರಡನ್ನೂ ಹೊರುವುದು ಇಂಜಿನ್ ಆಯಿಲ್. ಅದರ ಶಕ್ತಿ ಮುಗಿದ ಮೇಲೂ ಓಡಿಸಿದರೆ ಬೇರಿಂಗು ಹೋಗುತ್ತದೆ. ಆಯಿಲ್ ಬದಲಾಯಿಸುವ ದಿನ ಉಳಿಸಿದ ದುಡ್ಡು ಕ್ರ್ಯಾಂಕಿನ ಮೇಲೆ ಬಡ್ಡಿ ಸಮೇತ ಬೀಳುತ್ತದೆ.

ಮೂರನೆಯದು ನೀರು. ಪಿಸ್ಟನ್ ಬಡಿತಕ್ಕೆ ಲೈನರು ನಡುಗುವಾಗ ಅದರ ಹೊರಮೈಯ ನೀರಿನಲ್ಲಿ ಸೂಕ್ಷ್ಮ ಗುಳ್ಳೆಗಳು ಎದ್ದು ಒಡೆಯುತ್ತವೆ. ಪ್ರತಿ ಗುಳ್ಳೆಯೂ ಒಂದು ಸಣ್ಣ ಸುತ್ತಿಗೆ ಏಟು. ರೇಡಿಯೇಟರಿಗೆ ಸರಿಯಾದ ಕೂಲೆಂಟು ಹಾಕದೆ ಬಾವಿಯ ನೀರು ಸುರಿದರೆ ಕಾಲಕ್ರಮದಲ್ಲಿ ಲೈನರಿಗೆ ತೂತೇ ಬೀಳಬಹುದು. ಉಪ್ಪು ಕಟ್ಟಿಕೊಂಡು ಕಾವೂ ಏರುತ್ತದೆ.

ನಾಲ್ಕನೆಯದು ಡೀಸೆಲ್ಲಿನ ಕೊಳೆ. ಪಂಪು, ನಾಜಲ್ಲುಗಳು ಕೂದಲಿಗಿಂತ ಸಣ್ಣ ಅಂತರದಲ್ಲಿ ಕೆಲಸ ಮಾಡುವ ಭಾಗಗಳು. ಬೆಂಗಳೂರಿನ ಆಡುಗೋಡಿಯಲ್ಲಿ ಮೈಕೋ ಕಾರ್ಖಾನೆಯನ್ನು ಬಲ್ಲವರು ಈ ಕೆಲಸದ ನಾಜೂಕನ್ನೂ ಬಲ್ಲರು. 1951ರಲ್ಲಿ ಆರಂಭವಾದ ಆ ಕಂಪನಿ, 2008ರಲ್ಲಿ ಬಾಷ್ ಎಂಬ ಹೆಸರು ತಾಳಿತು. ನಮ್ಮ ದೇಶದ ಎಷ್ಟೋ ಲಾರಿಗಳ ಹೃದಯ ಅಲ್ಲಿಂದಲೇ ಹೋದದ್ದು. ನೀರು ಸೇರಿದ ಡೀಸೆಲ್ ಈ ಹೃದಯಕ್ಕೆ ವಿಷ.

ಐದನೆಯದು ಅತಿಭಾರ. ಶಿರಾಡಿ ಘಾಟಿಯಲ್ಲಿ ಮಿತಿ ಮೀರಿ ಹೇರಿಕೊಂಡು ಹತ್ತುವ ಲಾರಿಯಾಗಲಿ, 7,239 ಅಡಿ ಎತ್ತರದ ಡಾನರ್ ಶಿಖರಕ್ಕೆ ಬೇಸಿಗೆಯಲ್ಲಿ ಏರುವ ಲಾರಿಯಾಗಲಿ, ಕಾವಿನ ಮುಳ್ಳನ್ನು ನೋಡದೆ ಹಟ ಹಿಡಿದರೆ ಹೆಡ್ ಗ್ಯಾಸ್ಕೆಟ್ ಹೋಗುತ್ತದೆ. ಹತ್ತು ವರ್ಷದ ಜೋಪಾನ ಒಂದು ಮಧ್ಯಾಹ್ನಕ್ಕೆ ಮುಗಿಯುತ್ತದೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

ಇದರ ಎದುರು ತುದಿಯೂ ಉಂಟು: ದುಡಿಯದೆ ಕೆಡುವುದು. ನಮ್ಮ ಸಾಂಟಾ ಕ್ಲಾರಾದಲ್ಲಿ ಹತ್ತಾರು ಡೇಟಾ ಸೆಂಟರುಗಳಿವೆ. ಕರೆಂಟು ಹೋದರೆ ಇರಲಿ ಎಂದು ಅವುಗಳ ಪಕ್ಕದಲ್ಲಿ ಸಾಲಾಗಿ ದೊಡ್ಡ ಡೀಸೆಲ್ ಜನರೇಟರುಗಳು. ವರ್ಷದಲ್ಲಿ ಕೆಲವೇ ಗಂಟೆ ಪರೀಕ್ಷೆಗೆಂದು ಓಡುತ್ತವೆ. ಭಾರವಿಲ್ಲದೆ ಓಡಿಸಿದರೆ ಒಳಗೆ ಕಾವು ಸಾಲದೆ ಎಣ್ಣೆ ಅರೆಬರೆ ಉರಿದು ಹೊಗೆಕೊಳವೆಯಲ್ಲಿ ಜಿಡ್ಡು ಕಟ್ಟುತ್ತದೆ. ಆದ್ದರಿಂದಲೇ ಆಗಾಗ ಭಾರ ಕೊಟ್ಟು ಓಡಿಸುತ್ತಾರೆ. ಗಂಟೆಗಟ್ಟಲೆ ಸುಮ್ಮನೆ ನಿಂತು ಗುರುಗುಟ್ಟುವ ಲಾರಿಗೂ ಇದೇ ರೋಗ.

ಈಗ ಕೊಳ್ಳುವವರಿಗೆ ನಾಲ್ಕು ಮಾತು. ಇಂಜಿನ್ ತಣ್ಣಗಿರುವಾಗಲೇ ಹೋಗಿ ನೋಡಬೇಕು. ಮಾರುವವರು ಮೊದಲೇ ಬಿಸಿ ಮಾಡಿಟ್ಟಿದ್ದರೆ ಕಾರಣ ಕೇಳಬೇಕು. ಬಿಸಿಯಾದ ಮೇಲೂ ನೀಲಿ ಹೊಗೆ ಬಂದರೆ ಇಂಜಿನ್ನು ಆಯಿಲ್ ತಿನ್ನುತ್ತಿದೆ; ದಟ್ಟ ಕಪ್ಪು ಹೊಗೆ ಬಂದರೆ ಗಾಳಿ ಸಾಲದು ಅಥವಾ ನಾಜಲ್ ಕೆಟ್ಟಿದೆ; ಬಿಳಿ ಹೊಗೆ ನಿಲ್ಲದೇ ಬಂದರೆ ನೀರು ಒಳಗೆ ಸೇರುತ್ತಿರಬಹುದು. ಇಂಜಿನ್ ಓಡುತ್ತಿರುವಾಗ ಆಯಿಲ್ ತುಂಬುವ ಮುಚ್ಚಳ ತೆಗೆದು ನೋಡಿ: ಹೊಗೆ ಬುಸುಗುಟ್ಟಿದರೆ ರಿಂಗು ಸವೆದಿದೆ. ಆಯಿಲ್ ಹಾಲು ಬೆರೆಸಿದ ಕಾಫಿಯಂತೆ ಕಂಡರೆ ಕೈಮುಗಿದು ಬನ್ನಿ. ಎಲ್ಲಕ್ಕಿಂತ ಮುಖ್ಯವಾಗಿ, ಮೀಟರಿಗಿಂತ ಮೊದಲು ಆಯಿಲ್ ಬದಲಾಯಿಸಿದ ಲೆಕ್ಕದ ಪುಸ್ತಕ ಕೇಳಿ. ಪುಸ್ತಕವಿರುವ ಎಂಟು ಲಕ್ಷದ ಲಾರಿ, ಪುಸ್ತಕವಿಲ್ಲದ ಮೂರು ಲಕ್ಷದ ಲಾರಿಗಿಂತ ಮೇಲು.

ಕಡೆಯದಾಗಿ, ಕಬ್ಬಿಣ ಗಟ್ಟಿಯಿದ್ದರೂ ಆಯುಸ್ಸು ಮುಗಿಯುವ ಒಂದು ಬಗೆ ಇದೆ. ಕ್ಯಾಲಿಫೋರ್ನಿಯಾ 1998ರಲ್ಲಿ ಡೀಸೆಲ್ ಹೊಗೆಯ ಕಣಗಳನ್ನು ವಿಷವೆಂದು ಪಟ್ಟಿಗೆ ಸೇರಿಸಿತು; 2012ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಈ ಹೊಗೆ ಕ್ಯಾನ್ಸರ್ ತರುತ್ತದೆಂದು ಸಾರಿತು. 2008ರಲ್ಲಿ ಇಲ್ಲಿ ಒಪ್ಪಿದ ನಿಯಮದಂತೆ, 2023ರ ಜನವರಿ 1ರ ಹೊತ್ತಿಗೆ ರಾಜ್ಯದ ಬಹುತೇಕ ಭಾರೀ ಲಾರಿಗಳಲ್ಲಿ 2010ರ ಅಥವಾ ನಂತರದ ಮಾದರಿಯ ಇಂಜಿನ್ನೇ ಇರಬೇಕಾಯಿತು. ಇನ್ನೂ ಐದು ಲಕ್ಷ ಮೈಲಿ ಓಡಬಲ್ಲ ಎಷ್ಟೋ ಇಂಜಿನ್ನುಗಳು ಅಂದಿಗೆ ಇಲ್ಲಿ ನಿವೃತ್ತಿಯಾದವು. ಭಾರತದಲ್ಲಿಯೂ 2023ರ ಏಪ್ರಿಲ್ 1ರಿಂದ ಹದಿನೈದು ವರ್ಷ ದಾಟಿದ ಸರ್ಕಾರಿ ವಾಹನಗಳ ನೋಂದಣಿ ನಿಂತಿತು. ಸಾಲ ತೀರಿಸಿ ಈಗಷ್ಟೇ ಲಾಭ ಕಾಣುತ್ತಿದ್ದ ಒಂಟಿ ಲಾರಿಯ ಮಾಲೀಕನಿಗೆ ಇದು ಹೊಟ್ಟೆಯ ಮೇಲಿನ ಬರೆ. ಬಂದರಿನ ಪಕ್ಕದಲ್ಲಿ, 880ರ ಬದಿಯಲ್ಲಿ ಮಕ್ಕಳನ್ನು ಬೆಳೆಸುವವರಿಗೆ ಅದೇ ನಿಯಮ ಉಸಿರು. ಎರಡೂ ನಿಜ.

ಆದ್ದರಿಂದ ಊರಿನಿಂದ ಪ್ರಶ್ನೆ ಬಂದಾಗ ಇಂಜಿನ್ನು ಎಷ್ಟು ಓಡೀತು ಎಂಬುದರ ಜೊತೆಗೆ, ಎಷ್ಟು ವರ್ಷ ಓಡಿಸಲು ಬಿಟ್ಟಾರು ಎಂದೂ ವಿಚಾರಿಸಲು ಹೇಳಿ. ಸಾಲದ ಅವಧಿ ಈ ಎರಡರಲ್ಲಿ ಚಿಕ್ಕದಕ್ಕಿಂತಲೂ ಚಿಕ್ಕದಾಗಿರಲಿ.