ರಾಡಾರ್‌ಗೆ ದುಡ್ಡು ಕೊಡೋ ಮೊದಲು
"ರಾಡಾರ್ ಓಡಿಸಿ 500 ಅಡಿ ಆಳದ ನೀರು ತೋರಿಸ್ತೀವಿ" ಅಂತ ಒಬ್ಬರು ನಮ್ಮ ಎರೆ ಹೊಲಕ್ಕೆ ಬಂದಿದ್ರು. ದುಡ್ಡು ಕೊಡೋ ಮೊದಲು ನಾನು ಲ್ಯಾಪ್‌ಟಾಪ್‌ನಲ್ಲೇ ಲೆಕ್ಕ ಹಾಕಿದೆ. ಜಿಪಿಆರ್‌ಮ್ಯಾಕ್ಸ್ ಅನ್ನೋ ಉಚಿತ ಸಾಫ್ಟ್‌ವೇರ್ ಇದೆ. ಅದು ಮಣ್ಣನ್ನು ಸಣ್ಣ ಸಣ್ಣ ಚೌಕಗಳಾಗಿ ಮಾಡಿ, ವಿದ್ಯುತ್ಕಾಂತೀಯ ಅಲೆ ಒಂದರಿಂದ ಇನ್ನೊಂದಕ್ಕೆ ಹೇಗೆ ಸಾಗುತ್ತೆ ಅಂತ ಕ್ಷಣಕ್ಷಣಕ್ಕೂ ಲೆಕ್ಕ ಮಾಡುತ್ತೆ. 1966ರಲ್ಲಿ ಕೇನ್ ಯೀ ಕೊಟ್ಟ ವಿಧಾನವಿದು.

ಒಣ ಮರಳಲ್ಲಿ ಅಲೆ ನ್ಯಾನೋಸೆಕೆಂಡಿಗೆ ಸುಮಾರು 15 ಸೆಂ.ಮೀ. ಹೋಗುತ್ತೆ, ಒದ್ದೆ ಮಣ್ಣಲ್ಲಿ 6 ಸೆಂ.ಮೀ. ಅಷ್ಟೇ. ಹಸಿ ಎರೆಮಣ್ಣಲ್ಲಿ ವಿದ್ಯುತ್ ಸಲೀಸಾಗಿ ಹರಿಯೋದ್ರಿಂದ ಅದು ಅಲೆಯನ್ನೇ ನುಂಗಿಬಿಡುತ್ತೆ. ನನ್ನ ಲೆಕ್ಕದಲ್ಲಿ ಒಂದೆರಡು ಮೀಟರ್‌ಗೇ ಎಲ್ಲ ಮುಗೀತು. ಮೇಲ್ಗಡೆ ಹೂತ ಪೈಪ್ ಹುಡುಕೋಕೆ ರಾಡಾರ್ ಸರಿ, 500 ಅಡಿ ಬೋರಿಗಲ್ಲ. ಅವರನ್ನು ವಾಪಸ್ ಕಳಿಸಿದೆ. ನೀವೂ ಮೊದಲು ಕೇಳಿ: "ಯಾವ ಮಣ್ಣು, ಎಷ್ಟು ಆಳ?"